ಮೊದಲ ಕೋಣೆಯ ಕಲ್ಲು

ಆ ಊರಲ್ಲಿ ಸತ್ತವರಿಗಾಗಿ ಅಳಬೇಕಾದರೆ ಮೊದಲು ಒಂದು ಆಟ ಮುಗಿಸಬೇಕಿತ್ತು. ಊರಿನ ಹೆಸರು ಕೇಳಬೇಡಿ, ಯಾವ ದಾರಿ ಹಿಡಿದರೆ ಸಿಗುತ್ತದೆ ಎಂದೂ ಕೇಳಬೇಡಿ. ಹೋಗಿ ಬಂದೆ ಎನ್ನುವವರೂ ಆ ಮಾತು ಬಂದರೆ ಬೇರೆ ಕಡೆ ನೋಡುತ್ತಾರೆ. ಅಲ್ಲಿನ ಕಟ್ಟಳೆಯೊಂದನ್ನು ಮಾತ್ರ ನಾನು ಹೇಳಬಲ್ಲೆ.

ಮಗುವಿಗೆ ಏಳು ತುಂಬಿದ ದಿನ ಅದರ ಕೈಗೆ ಒಂದು ಪೆಟ್ಟಿಗೆ ಕೊಡುತ್ತಾರೆ. ಎರಡು ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡದು. ನಡುವೆ ಗಾಜು, ಎಡಕ್ಕೆ ನಾಲ್ಕು ದಿಕ್ಕಿನ ಗುಂಡಿಗಳು, ಬಲಕ್ಕೆ ಒಂದೇ ಗುಂಡಿ. ಬಿಸಿಲು ಬಿದ್ದರೆ ಗಾಜಿಗೆ ಜೀವ ಬರುತ್ತದೆ, ಹೊತ್ತು ಮುಳುಗಿದರೆ ಕಪ್ಪಾಗುತ್ತದೆ. ಗಾಜಿನೊಳಗೆ ಉಗುರಿನಷ್ಟು ಚಿಕ್ಕ ನಡೆಯುವವನೊಬ್ಬ ಇದ್ದಾನೆ. ಅವನ ಮುಂದೆ ಇಪ್ಪತ್ತೊಂದು ಕೋಣೆ, ಇಪ್ಪತ್ತೊಂದು ಬಾಗಿಲು. ಒಂದರಲ್ಲಿ ಕಲ್ಲು, ಇನ್ನೊಂದರಲ್ಲಿ ನೀರು, ಮತ್ತೊಂದರಲ್ಲಿ ಕನ್ನಡಿ, ಅದರಾಚೆ ಕಾಲಿಟ್ಟರೆ ಗೋಡೆಯವರೆಗೂ ಜಾರಿಸಿಕೊಂಡು ಹೋಗುವ ನೆಲ. ಕೋಣೆ ಬೇರೆಯಾದರೂ ನಿಯಮ ಒಂದೇ. ಕಲ್ಲನ್ನು ತಳ್ಳಬಹುದು, ಎಳೆಯುವಂತಿಲ್ಲ. ಬಾಗಿಲನ್ನು ದಾಟಬಹುದು, ಹಿಂದಕ್ಕೆ ಬರುವಂತಿಲ್ಲ. ದಾಟಿದ ಕೋಣೆ ಬೆನ್ನ ಹಿಂದೆಯೇ ಮುಚ್ಚಿಹೋಗುತ್ತದೆ.

ಆಟ ಕಷ್ಟದ್ದು. ಅದನ್ನು ಬದುಕಿದ್ದಾಗಲೇ ಮುಗಿಸಿದವರು ಊರಲ್ಲಿ ಯಾರೂ ಇಲ್ಲ. ಯಾರಾದರೂ ಸತ್ತರೆ ಅವರ ಪೆಟ್ಟಿಗೆಯನ್ನು ಹತ್ತಿರದವರು ಕೈಗೆ ತೆಗೆದುಕೊಂಡು ಜಗಲಿಯ ಮೇಲೆ ಕೂರಬೇಕು, ಸತ್ತವರು ಬಿಟ್ಟ ಜಾಗದಿಂದ ಮುಂದೆ ಆಡಬೇಕು. ಮುಗಿಯುವವರೆಗೆ ಆ ಮನೆಯಲ್ಲಿ ಕಣ್ಣೀರು ಕೂಡದು, ಸತ್ತವರ ಹೆಸರು ಕೂಡದು. ಇಪ್ಪತ್ತೊಂದನೆಯ ಬಾಗಿಲು ತೆರೆದಾಗ ಪೆಟ್ಟಿಗೆ ಒಂದೇ ಒಂದು ಸಲ ಹಾಡುತ್ತದೆ. ಹಾಡು ಕೇಳಿದ ಕೂಡಲೇ ಬೀದಿಯವರೆಲ್ಲ ಕೆಲಸ ಬಿಟ್ಟು ಬರುತ್ತಾರೆ. ಹೆಸರು ಕೇಳುವ ಅಜ್ಜಿ ಬಂದು, "ಯಾರ ಹೆಸರು?" ಎಂದು ಕೇಳುತ್ತಾಳೆ. ಮನೆಯವರು ಹೆಸರು ಹೇಳುತ್ತಾರೆ. ಆಮೇಲೆ ಎಲ್ಲರೂ ಕೂಡಿ ಅಳುತ್ತಾರೆ. ಒಂದು ಪೆಟ್ಟಿಗೆಗೆ ಒಂದು ಹಾಡು, ಒಂದು ಹಾಡಿಗೆ ಒಂದು ಹೆಸರು, ಒಂದು ಹೆಸರಿಗೆ ಒಂದು ಅಳು. ವರ್ಷದೊಳಗೆ ಮುಗಿಯದಿದ್ದರೆ ಪೆಟ್ಟಿಗೆ ಹಾಳು ಬಾವಿಗೆ ಹೋಗುತ್ತದೆ, ಅದರ ಹಿಂದೆಯೇ ಹೆಸರೂ ಹೋಗುತ್ತದೆ. ಇದು ಸರಿಯೇ ತಪ್ಪೇ ಎಂದು ಊರವರು ತಲೆ ಕೆಡಿಸಿಕೊಂಡವರಲ್ಲ. ಊಟಕ್ಕೆ ಮುಂಚೆ ಕೈ ತೊಳೆಯುತ್ತೇವಲ್ಲ, ಅವರಿಗೆ ಅದೂ ಹಾಗೆಯೇ.

ಆ ಊರಲ್ಲಿ ಗೋಡೆಗಳಿಗೆ ಸುಣ್ಣ ಬಳಿಯುವವಳೊಬ್ಬಳು ಇದ್ದಳು. ಎಲ್ಲರೂ ಅವಳನ್ನು ಸುಣ್ಣದವಳು ಎನ್ನುತ್ತಿದ್ದರು. ಅವಳ ಗಂಡ ಹಗ್ಗ ಹೊಸೆಯುತ್ತಿದ್ದ. ಹಗ್ಗ ಹೊಸೆಯುವವನು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾನೆ. ಒಂದು ಬೆಳಿಗ್ಗೆ ಹಾಗೆ ಹಿಂದಕ್ಕೆ ನಡೆಯುತ್ತಾ ಹೋದವನು ನಡುವೆ ಕುಳಿತುಕೊಂಡ, ಮತ್ತೆ ಏಳಲಿಲ್ಲ. ಸುದ್ದಿ ಬಂದಾಗ ಸುಣ್ಣದವಳು ಯಾರದೋ ಮನೆಯ ಏಣಿಯ ಮೇಲಿದ್ದಳು. ಕೆಳಗಿನಿಂದ ಕೂಗಿ ಹೇಳಿದರು. ಅವಳು ಕುಂಚದಲ್ಲಿದ್ದ ಸುಣ್ಣವನ್ನು ಗೋಡೆಗೆ ಬಳಿದು ಮುಗಿಸಿ, ಕುಂಚ ತೊಳೆದು, ಆಮೇಲೆ ಇಳಿದು ಬಂದಳು.

"ಗಟ್ಟಿ ಹೆಂಗಸು," ಎಂದರು ಜನ.

ಗಟ್ಟಿತನವೇನೂ ಅಲ್ಲ. ಅವಳಿಗೆ ಏನೂ ಅನ್ನಿಸಲಿಲ್ಲ, ಅಷ್ಟೇ. ಎದೆಯನ್ನು ಮುಟ್ಟಿ ನೋಡಿಕೊಂಡಳು, ಅಲ್ಲಿ ಏನೂ ನಡೆಯುತ್ತಿರಲಿಲ್ಲ. ಒಲೆ ಹಚ್ಚಿದಳು, ಅನ್ನಕ್ಕಿಟ್ಟಳು, ಕೈತಪ್ಪಿ ಇಬ್ಬರಿಗಾಗುವಷ್ಟು ಇಟ್ಟಳು, ಉಳಿದದ್ದನ್ನು ದನಕ್ಕೆ ಹಾಕಿದಳು. ಮಾರನೆಯ ದಿನವೂ ಇಬ್ಬರಿಗಾಗುವಷ್ಟೇ ಇಟ್ಟಳು.

ಮೂರನೆಯ ದಿನ ಗಂಡನ ಪೆಟ್ಟಿಗೆಯನ್ನು ಗೂಡಿನಿಂದ ತೆಗೆದಳು. ಅದನ್ನು ಮುಟ್ಟಲು ಅವಳಿಗೆ ನಾಚಿಕೆಯಾಯಿತು. ಆ ಊರಲ್ಲಿ ಮನುಷ್ಯನ ತೂಕ ಗೊತ್ತಾಗುತ್ತಿದ್ದದ್ದು ಅವನು ಎಷ್ಟನೇ ಬಾಗಿಲಲ್ಲಿದ್ದಾನೆ ಎನ್ನುವುದರಿಂದ. ಹೆಣ್ಣು ಕೇಳಲು ಬಂದವರೂ ಮೊದಲು ಕೇಳುವುದು ಅದನ್ನೇ. ಎದುರುಮನೆಯವಳು ಹದಿನಾರು ದಾಟಿದ್ದಳು, ಸುಣ್ಣದವಳು ಹದಿನೇಳು. ಗಂಡ ಮಾತ್ರ ಒಂದನೆಯ ಬಾಗಿಲನ್ನೂ ದಾಟಿರಲಿಲ್ಲ. ಮಧ್ಯಾಹ್ನ ಉಂಡು ಕೈ ತೊಳೆದು ಅವನು ಪೆಟ್ಟಿಗೆ ಹಿಡಿದು ಕೂತರೆ ಬಿಸಿಲು ಇಳಿಯುವವರೆಗೂ ಏಳುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರು, "ಬಾಗಿಲು ತೆಗೀತಾ ಅಣ್ಣಾ?" ಎಂದು ಕೇಳಿ ನಗುವುದು. ಅವನು ತಲೆಯೆತ್ತದೆ, "ಇಲ್ಲ ಕಣಪ್ಪ, ಇವತ್ತೂ ಇಲ್ಲ," ಎನ್ನುವುದು. ಅವಳೂ ಕೆಲವು ಸಲ ರೇಗಿದ್ದುಂಟು.

"ಏಳು ವರ್ಷದ ಮಕ್ಕಳು ದಾಟ್ತವೆ ಕಣ್ರೀ, ಬೀದಿಯಲ್ಲಿ ತಲೆ ಎತ್ಕೊಂಡು ಓಡಾಡಕ್ಕಾಗಲ್ಲ ನಂಗೆ."

"ನೀನು ದಾಟಿದೀಯಲ್ಲ, ಸಾಕು ಬಿಡು," ಎನ್ನುತ್ತಿದ್ದ.

ಬದುಕಿರುವವರ ಪೆಟ್ಟಿಗೆಯೊಳಗೆ ಇನ್ನೊಬ್ಬರು ಇಣುಕುವುದು ಅಲ್ಲಿ ಸಲ್ಲದ ಕೆಲಸ. ಹಾಗಾಗಿ ಇಷ್ಟು ವರ್ಷ ಅವಳು ಅದರೊಳಗೆ ನೋಡಿರಲಿಲ್ಲ. ಈಗ ಜಗಲಿಯ ಮೇಲೆ ಕೂತು ಬಿಸಿಲಿಗೆ ಹಿಡಿದಳು. ಗಾಜು ಬೆಳಗಿತು. ಮೊದಲನೆಯ ಕೋಣೆ, ನಲವತ್ತಕ್ಕೂ ಹೆಚ್ಚು ಕಲ್ಲುಗಳು, ಕೆಳಗೆ ಬಾಗಿಲ ಬಳಿ ಸುಮ್ಮನೆ ನಿಂತ ನಡೆಯುವವ. ಅವಳಿಗೆ ನೆನಪಿದ್ದ ಮೊದಲ ಕೋಣೆಯಲ್ಲಿ ಕಲ್ಲುಗಳು ಹೇಗೆ ಬೇಕೋ ಹಾಗೆ ಚೆಲ್ಲಿದ್ದವು. ಇಲ್ಲಿ ಸಾಲುಸಾಲಾಗಿ ನಿಂತಿದ್ದವು.

ಆ ಊರಲ್ಲಿ ಜಾಡುಗಾರ ಎಂದು ಒಬ್ಬ ಇರುತ್ತಾನೆ. ಸತ್ತವರ ಪೆಟ್ಟಿಗೆ ಆಡುವವರಿಗೆ ದಾರಿ ತೋಚದಿದ್ದರೆ ಬಂದು ಜಾಡು ಹೇಳಿಕೊಡುವುದು ಅವನ ಕೆಲಸ. ಬದುಕಿರುವವರ ಪೆಟ್ಟಿಗೆಗೆ ಅವನು ಜಾಡು ಹೇಳುವಂತಿಲ್ಲ. ಅವನನ್ನು ಕರೆಸಿದಳು. ಅವನು ಪೆಟ್ಟಿಗೆಯನ್ನು ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದ.

"ಅಕ್ಕಾ, ಇಷ್ಟು ಕಲ್ಲು ಇಷ್ಟು ಅಚ್ಚುಕಟ್ಟಾಗಿ ನಿಂತಿರೋದನ್ನ ನಾನು ಕಂಡಿಲ್ಲ," ಎಂದ. "ಇರಲಿ, ನಿನ್ನ ಕೆಲಸಕ್ಕೆ ಒಂದೇ ಕಲ್ಲು ಸಾಕು. ಇಗೋ, ಈ ಮೂರು ಕಲ್ಲಿನ ಗುಂಪಿನ ಪಕ್ಕ ಒಂದು ಒಂಟಿ ಕಲ್ಲಿದೆ ನೋಡು. ಅದರ ಎಡಗಡೆ ಹೋಗಿ ನಿಂತ್ಕೋ. ಬಲಕ್ಕೆ ಮೂರು ಸಲ ತಳ್ಳು. ಆಮೇಲೆ ಸುತ್ತಿ ಬಂದು ಕೆಳಕ್ಕೆ ಒಂದು ಸಲ. ಅಲ್ಲೊಂದು ಗುಳಿ ಇದೆ. ಕಲ್ಲು ಗುಳಿಗೆ ಬಿತ್ತು ಅಂದ್ರೆ ಬಾಗಿಲು ತೆರೀತದೆ."

"ಅಷ್ಟೇನಾ?"

"ಅಷ್ಟೇ. ಅಣ್ಣ ಯಾಕೆ ಮಾಡಲಿಲ್ಲವೋ."

ಅವನು ಹೋದ ಮೇಲೆ ಅವಳು ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟಳು. ನಡೆಯುವವನನ್ನು ಒಂಟಿ ಕಲ್ಲಿನ ಕಡೆಗೆ ಹೊರಡಿಸಿದಳು. ಕಲ್ಲುಗಳ ನಡುವೆ ಒಂದು ಸಂದು, ಅದರೊಳಗೆ ಎರಡು ಹೆಜ್ಜೆ. ಎಡಕ್ಕೆ ಒಂದು ಕಲ್ಲು ಅಡ್ಡ, ಅದನ್ನು ಬಳಸಿ ಬಲಕ್ಕೆ ತಿರುಗಬೇಕು. ನಾಲ್ಕು ಹೆಜ್ಜೆ. ಮತ್ತೆ ಇಕ್ಕಟ್ಟಾದ ಒಂದು ಸಂದು. ಹೆಬ್ಬೆರಳು ತಾನಾಗಿಯೇ ತಿರುಗಬೇಕಾದಲ್ಲಿ ತಿರುಗುತ್ತಿತ್ತು, ನಿಲ್ಲಬೇಕಾದಲ್ಲಿ ನಿಲ್ಲುತ್ತಿತ್ತು. ಅವಳು ಕೈ ತಡೆದಳು. ಎದ್ದು ನಿಂತು, ಪೆಟ್ಟಿಗೆ ಹಿಡಿದುಕೊಂಡೇ ಮನೆಯ ಹೊಸಿಲು ದಾಟಿದಳು. ಎರಡು ಹೆಜ್ಜೆ. ಎಡಕ್ಕೆ ಕಂಬ. ಕಂಬ ಬಳಸಿ ಬಲಕ್ಕೆ. ನಾಲ್ಕು ಹೆಜ್ಜೆ. ಅಡುಗೆಮನೆಯ ಇಕ್ಕಟ್ಟು ಬಾಗಿಲು.

ಗಂಡ ಕಲ್ಲುಗಳಲ್ಲಿ ಅವರ ಮನೆಯನ್ನೇ ಕಟ್ಟಿದ್ದ.

ಮೂರು ಕಲ್ಲಿನ ಗುಂಪು ಒಲೆ. ಮೂಲೆಯ ಎರಡು ಕಲ್ಲು ನೀರಿನ ಹಂಡೆ ಮತ್ತು ಕೊಡ. ಬಲಕ್ಕೆ ಸಾಲು ತಪ್ಪಿ ತೆರೆದಿದ್ದ ಜಾಗ ಹಿತ್ತಿಲ ಬಾಗಿಲು. ಒಲೆಯ ಮುಂದೆ ಖಾಲಿ ಬಿಟ್ಟಿದ್ದ ಜಾಗ ಅವಳು ಕೂರುವುದು. ಅದರ ಪಕ್ಕದ ಒಂಟಿ ಕಲ್ಲು ಏನೆಂದು ಅವಳು ಯೋಚಿಸಬೇಕಾಗಲಿಲ್ಲ. ಮನೆಯಲ್ಲಿ ಆ ಜಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಒಂದು ಚೆಂಬನ್ನು ಕೂಡ ಇಟ್ಟಿರಲಿಲ್ಲ.

ಅಲ್ಲಿ ಅವರ ಮಗಳು ಕೂರುತ್ತಿದ್ದಳು. ಅಮ್ಮ ಒಲೆಯ ಮುಂದೆ ಕೂತರೆ ಅವಳು ಪಕ್ಕದಲ್ಲಿ ಮೊರದೊಳಗೆ ಕಲ್ಲು ಆರಿಸುತ್ತೇನೆ ಎಂದು ಅಕ್ಕಿ ಚೆಲ್ಲುತ್ತಾ ಕೂರುತ್ತಿದ್ದಳು. ನಾಲ್ಕು ತುಂಬಿ ಐದಕ್ಕೆ ಬಿದ್ದಿತ್ತು. ಮೂರು ದಿನದ ಜ್ವರಕ್ಕೆ ಹೋದಳು. ಏಳು ತುಂಬದ ಮಗುವಿಗೆ ಪೆಟ್ಟಿಗೆ ಇಲ್ಲ. ಪೆಟ್ಟಿಗೆ ಇಲ್ಲದ ಮೇಲೆ ಹಾಡಿಲ್ಲ, ಹಾಡಿಲ್ಲದ ಮೇಲೆ ಅಳುವ ಹಾಗಿಲ್ಲ, ಹೆಸರು ಹೇಳುವ ಹಾಗಿಲ್ಲ. ಗಂಡ ಮಗುವನ್ನು ಹಿತ್ತಿಲ ಬಾಗಿಲಿಂದ ಎತ್ತಿಕೊಂಡು ಹೋದ, ಒಬ್ಬನೇ ವಾಪಸ್ಸು ಬಂದ. ಮಾರನೆಯ ದಿನ ಅವನು ಹಗ್ಗಕ್ಕೆ ಹೋದ, ಅವಳು ಸುಣ್ಣಕ್ಕೆ ಹೋದಳು. ಆಮೇಲೆ ಆ ಮಾತು ಇಬ್ಬರ ನಡುವೆ ಒಂದು ದಿನವೂ ಬರಲಿಲ್ಲ.

ಅವಳು ನಡೆಯುವವನನ್ನು ಒಲೆಯ ಮುಂದಿನ ಖಾಲಿ ಜಾಗಕ್ಕೆ ತಂದು ನಿಲ್ಲಿಸಿದಳು. ಕಲ್ಲು ಪಕ್ಕದಲ್ಲಿತ್ತು. ಬಿಸಿಲು ಇಳಿದು ಗಾಜು ಕಪ್ಪಾಗುವವರೆಗೆ ಹಾಗೆಯೇ ನಿಲ್ಲಿಸಿದ್ದಳು.

ಮಾರನೆಯ ದಿನವೂ ಹಾಗೆಯೇ ಮಾಡಿದಳು, ಅದರ ಮಾರನೆಯ ದಿನವೂ. ಬೆಳಿಗ್ಗೆ ಸುಣ್ಣಕ್ಕೆ ಹೋಗುವುದು, ಮಧ್ಯಾಹ್ನ ಬಂದು ಉಣ್ಣುವುದು, ಗಂಡ ಕೂರುತ್ತಿದ್ದ ಜಾಗದಲ್ಲಿ ಕೂತು ಪೆಟ್ಟಿಗೆ ಬಿಸಿಲಿಗೆ ಹಿಡಿಯುವುದು. ಹೊಸಿಲು, ಎರಡು ಹೆಜ್ಜೆ, ಕಂಬ, ನಾಲ್ಕು ಹೆಜ್ಜೆ, ಒಲೆ. ಒಲೆಯ ಮುಂದೆ ನಿಲ್ಲುವುದು. ಕಲ್ಲನ್ನು ಮುಟ್ಟದೆ ವಾಪಸ್ಸು ಬರುವುದು. ಸಂತೋಷವಿತ್ತೇ ಎಂದರೆ ಇಲ್ಲ, ದುಃಖವಿತ್ತೇ ಎಂದರೆ ಅದೂ ಇಲ್ಲ. ಕೈಗೆ ಒಂದು ಕೆಲಸವಿತ್ತು. ಹೀಗೆ ಐದು ತಿಂಗಳು ಕಳೆಯಿತು.

ದಾರಿಯಲ್ಲಿ ಹೋಗುವವರು ಈಗ ಅವಳನ್ನು ಕೇಳತೊಡಗಿದರು. "ಬಾಗಿಲು ತೆಗೀತಾ ಅಕ್ಕಾ?"

"ಇಲ್ಲ ಕಣಪ್ಪ," ಎನ್ನುತ್ತಿದ್ದಳು.

ಒಂದು ದಿನ ಎದುರುಮನೆಯವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಜಗಲಿಯ ತುದಿಗೆ ಕೂತಳು.

"ಏನೇ ಇದು? ಹದಿನೇಳು ಬಾಗಿಲು ದಾಟಿದವಳು ನೀನು. ಒಂದನೇ ಬಾಗಿಲಲ್ಲಿ ಕೂತಿದೀಯಲ್ಲ. ನಗ್ತಾರೆ ಜನ."

"ನಗಲಿ ಬಿಡೇ."

"ನಗೋದು ಹಾಳಾಗಿ ಹೋಗ್ಲಿ. ವರ್ಷ ತುಂಬಿದ್ರೆ ಅವರ ಹೆಸರು ಬಾವಿಗೆ ಹೋಗ್ತದೆ. ಆಮೇಲೆ ನಿನ್ನ ಗಂಡ ಇದ್ರು ಅಂತ ಯಾರಿಗೆ ಹೇಳ್ತೀಯ? ಯಾವ ಬಾಯಲ್ಲಿ ಹೇಳ್ತೀಯ?"

ಕಲ್ಲನ್ನು ತಳ್ಳಿದರೆ ಗಂಡ ಕಟ್ಟಿದ ಮನೆ ಮುಚ್ಚಿಹೋಗುತ್ತದೆ, ಮಗಳ ಜಾಗವೂ ಹೋಗುತ್ತದೆ. ತಳ್ಳದಿದ್ದರೆ ಗಂಡನ ಹೆಸರು ಹೋಗುತ್ತದೆ, ಅವನಿಗಾಗಿ ಅಳುವುದೂ ಹೋಗುತ್ತದೆ. ಎರಡರಲ್ಲಿ ಒಂದು. ಹೇಗೆ ಲೆಕ್ಕ ಹಾಕಿದರೂ ಮೂರನೆಯದು ಸಿಗಲಿಲ್ಲ.

ಜಾಡುಗಾರ ತಾನಾಗಿಯೇ ಮತ್ತೆ ಬಂದ. ಈ ಸಲ ಅವನ ಮುಖ ಬಾಡಿತ್ತು. "ಅಕ್ಕಾ, ನಾನು ಆವತ್ತಿನಿಂದ ಇದನ್ನೇ ಯೋಚಿಸ್ತಾ ಇದೀನಿ," ಎಂದ. "ಕಲ್ಲು ತಳ್ಳಬಹುದೇ ಹೊರತು ಎಳೆಯೋಕಾಗಲ್ಲ. ನಲವತ್ತು ಕಲ್ಲನ್ನ ಬರೀ ತಳ್ಳಿ ತಳ್ಳಿ ಹೀಗೆ ನಿಲ್ಲಿಸಬೇಕು ಅಂದ್ರೆ, ಒಂದು ತಪ್ಪಿದ್ರೂ ಎಲ್ಲ ಮುಗೀತು. ಯಾವುದು ಮೊದಲು, ಯಾವುದು ಆಮೇಲೆ ಅಂತ ವರ್ಷಗಟ್ಟಲೆ ಲೆಕ್ಕ ಹಾಕಿರಬೇಕು. ಇಪ್ಪತ್ತೊಂದು ಕೋಣೆಯೂ ಇದರ ಮುಂದೆ ಏನೂ ಅಲ್ಲ. ಅಣ್ಣನ್ನ ದಡ್ಡ ಅಂತ ನಾನೂ ನಕ್ಕಿದ್ದೆ." ಆಮೇಲೆ ಗಾಜಿನತ್ತ ಬಾಗಿ ಕೇಳಿದ. "ಏನದು ಅಕ್ಕಾ, ಅವರು ಮಾಡಿರೋದು?"

"ಮನೆ."

"ಆ ಒಂಟಿ ಕಲ್ಲು?"

ಅವಳು ಬಾಯಿ ತೆರೆದಳು. ಹೆಸರು ಹೇಳುವ ಹಾಗಿರಲಿಲ್ಲ. ಒಳಗಿನ ಒಲೆಯ ಕಡೆಗೆ ಕೈ ತೋರಿಸಿದಳು, ಆಮೇಲೆ ಆ ಕೈಯನ್ನೇ ನೆಲದಿಂದ ಎರಡು ಮೊಳದ ಎತ್ತರಕ್ಕೆ ಹಿಡಿದಳು. ಜಾಡುಗಾರನಿಗೆ ಅರ್ಥವಾಯಿತು. ಅವನು ತನ್ನ ಚಪ್ಪಲಿಗಳನ್ನು ನೋಡುತ್ತಾ ಕೂತ.

"ಇನ್ನು ತಡ ಮಾಡಿದ್ರೆ ಉಳಿದ ಇಪ್ಪತ್ತು ಕೋಣೆಗೆ ದಿನ ಸಾಲಲ್ಲ ಅಕ್ಕಾ," ಎಂದ ಕೊನೆಗೆ. "ನಾನು ಇಲ್ಲೇ ಇರ್ತೀನಿ. ನೀನು ನೋಡಬೇಡ, ಬೇಕಾದ್ರೆ ನಾನೇ ತಳ್ತೀನಿ."

"ಬೇಡ. ಆವತ್ತು ಅವರೊಬ್ಬರೇ ಎತ್ಕೊಂಡು ಹೋದ್ರು. ನಾನು ಒಲೆ ಮುಂದಿಂದ ಏಳಲೇ ಇಲ್ಲ."

ನಡೆಯುವವನನ್ನು ಹೊಸಿಲು ದಾಟಿಸಿದಳು. ಎರಡು ಹೆಜ್ಜೆ, ಕಂಬ, ನಾಲ್ಕು ಹೆಜ್ಜೆ, ಒಲೆ. ತನ್ನ ಜಾಗದಲ್ಲಿ ನಿಲ್ಲಿಸಿ ಬಲಕ್ಕೆ ಒತ್ತಿದಳು. ಕಲ್ಲು ಒಂದು ಚೌಕ ಸರಿಯಿತು. ಇನ್ನೊಂದು ಸಲ ಒತ್ತಿದಳು. ಕಲ್ಲು ಹಿತ್ತಿಲ ಬಾಗಿಲಿಗೆ ಬಂತು. ಮೂರನೆಯ ಸಲ ಒತ್ತಿದಾಗ ಹಿತ್ತಿಲಿಗೆ ಹೋಯಿತು. ಸುತ್ತಿ ಬಂದು ಕೆಳಕ್ಕೆ ಒತ್ತಿದಳು. ಕಲ್ಲು ಗುಳಿಗೆ ಬಿತ್ತು. ಸದ್ದೇನೂ ಬರಲಿಲ್ಲ. ಬಾಗಿಲು ತೆರೆಯಿತು, ನಡೆಯುವವ ದಾಟಿದ, ಹಿಂದೆ ಮನೆ ಮುಚ್ಚಿಕೊಂಡಿತು. ಅವಳ ಕಣ್ಣು ಒಣಗಿಯೇ ಇತ್ತು.

ಆಮೇಲೆ ಅವಳು ಸುಣ್ಣ ಬಳಿದಂತೆ ಆಡಿದಳು. ಒಂದು ಗೋಡೆ ಮುಗಿದರೆ ಇನ್ನೊಂದು ಗೋಡೆ. ನೀರಿನ ಕೋಣೆಯಲ್ಲಿ ತೂಬುಗಳನ್ನು ತೆರೆದು ಮುಚ್ಚಿ ನೀರನ್ನು ಮೆಟ್ಟಿಲಿಗೆ ಏರಿಸಬೇಕಿತ್ತು, ಏರಿಸಿದಳು. ಕನ್ನಡಿಯ ಕೋಣೆಯಲ್ಲಿ ಒಂದು ಬೆಳಕನ್ನು ಒಂಬತ್ತು ಕನ್ನಡಿಯಲ್ಲಿ ತಿರುಗಿಸಿ ಬೀಗಕ್ಕೆ ತಾಕಿಸಬೇಕಿತ್ತು, ತಾಕಿಸಿದಳು. ಜಾರುವ ನೆಲದಲ್ಲಿ ಒಂದು ತಿಂಗಳು ಜಾರಿದಳು. ತೋಚದಾಗ ಜಾಡುಗಾರ, "ಎಡಕ್ಕೆ ಎರಡು, ಮೇಲಕ್ಕೆ ಒಂದು," ಎನ್ನುತ್ತಿದ್ದ. ಅವಳು ಎಡಕ್ಕೆ ಎರಡು, ಮೇಲಕ್ಕೆ ಒಂದು ಒತ್ತುತ್ತಿದ್ದಳು. ತನ್ನದೇ ಪೆಟ್ಟಿಗೆಯಲ್ಲಿ ಹದಿನೇಳನ್ನು ದಾಟಿದಾಗ ಬೀದಿಗೆಲ್ಲ ಬೆಲ್ಲ ಹಂಚಿದ್ದಳು. ಈಗ ಹದಿನೇಳು ಬಂದು ಹೋದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ವರ್ಷಕ್ಕೆ ಇನ್ನು ಆರು ದಿನ ಇದೆ ಎನ್ನುವಾಗ, ನಡುಮಧ್ಯಾಹ್ನ, ಇಪ್ಪತ್ತೊಂದನೆಯ ಬಾಗಿಲು ತೆರೆಯಿತು. ಬಾಗಿಲಾಚೆ ಏನೂ ಇರಲಿಲ್ಲ, ಬರೀ ಬೆಳಕು. ಪೆಟ್ಟಿಗೆ ಹಾಡಿತು. ಸಣ್ಣ ಹಾಡು. ಹತ್ತು ಎಣಿಸುವುದರೊಳಗೆ ಮುಗಿದು ಗಾಜು ಶಾಶ್ವತವಾಗಿ ಕಪ್ಪಾಯಿತು.

ಬೀದಿಯವರು ಬಂದರು. ಹಿಟ್ಟಿನ ಕೈಯಲ್ಲೇ ಬಂದರು, ಅರ್ಧ ಕ್ಷೌರದಲ್ಲೇ ಬಂದರು. ಗಂಡಸರು ಅಂಗಳದಲ್ಲಿ, ಹೆಂಗಸರು ಜಗಲಿಯ ಸುತ್ತ ಕೂತರು. ಹೆಸರು ಕೇಳುವ ಅಜ್ಜಿಯನ್ನು ಇಬ್ಬರು ಕೈಹಿಡಿದು ಕರೆತಂದರು. ಅವಳು ಸುಣ್ಣದವಳ ಮುಂದೆ ಕೂತು, ಪೆಟ್ಟಿಗೆಯ ಮೇಲೆ ತನ್ನ ಅಂಗೈಯಿಟ್ಟು ಕೇಳಿದಳು.

"ಯಾರ ಹೆಸರು?"

ಸುಣ್ಣದವಳು ಒಳಗಿನ ಒಲೆಯ ಕಡೆ ನೋಡಿದಳು.

"ಯಾರ ಹೆಸರು ಮಗಾ?"

ಎಲ್ಲರೂ ಅಳುವುದಕ್ಕೆ ಸಿದ್ಧವಾಗಿ ಸೆರಗು ಹಿಡಿದು ಕೂತಿದ್ದರು.

"ಮೂರನೇ ಸಲ ಕೇಳ್ತಿದೀನಿ. ಯಾರ ಹೆಸರು?"

"ತುಂಬೆ," ಎಂದಳು ಸುಣ್ಣದವಳು.

ಯಾರಿಗೂ ತಿಳಿಯಲಿಲ್ಲ. ಜಾಡುಗಾರ ಬಗ್ಗಿ ಅವಳ ಕಿವಿಯ ಹತ್ತಿರ, "ಅಕ್ಕಾ, ತಪ್ಪು ಹೇಳ್ತಿದೀಯ, ಇದು ಅಣ್ಣನ ಪೆಟ್ಟಿಗೆ," ಎಂದ.

"ಗೊತ್ತು ಕಣಪ್ಪ. ತುಂಬೆ ನನ್ನ ಮಗಳು. ಅವಳ ಹೆಸರೇ ಹೇಳಿದ್ದು."

ಅಜ್ಜಿಯ ಕೈ ಪೆಟ್ಟಿಗೆಯ ಮೇಲೆಯೇ ಇತ್ತು. "ಹೇಳಿದ ಹೆಸರು ಹೇಳಿದ್ದೇ," ಎಂದಳು. "ವಾಪಸ್ಸು ತಗೊಳ್ಳೋ ಹಾಗಿಲ್ಲ. ನಿನ್ನ ಗಂಡನ ಹೆಸರು ಇವತ್ತಿಗೆ ಹೋಯ್ತು. ಅವನಿಗಾಗಿ ಒಂದು ಹನಿ ಇಲ್ಲ. ಇನ್ನು ಯಾವತ್ತೂ ಇಲ್ಲ. ತಿಳೀತಾ?"

"ತಿಳೀತು ಅಜ್ಜಿ. ಅವಳನ್ನ ಅಲ್ಲಿಂದ ಎಬ್ಬಿಸಬಾರದು ಅಂತ ಅವರು ಇಪ್ಪತ್ತೆರಡು ವರ್ಷ ಊರ ಬಾಯಿಗೆ ಬಿದ್ರು. ನಾನು ಎಬ್ಬಿಸಿದೆ. ತಮ್ಮ ಪಾಲಿನ ಅಳುವನ್ನ ಅವರೂ ಅವಳಿಗೇ ಕೊಡ್ತಿದ್ರು."

ಅಜ್ಜಿ ಕೈ ತೆಗೆದಳು. ಪೆಟ್ಟಿಗೆ ಇಲ್ಲದ ಮಗುವಿಗಾಗಿ ಆ ಊರಲ್ಲಿ ಯಾರೂ ಅತ್ತವರಿರಲಿಲ್ಲ, ಹೇಗೆ ಶುರುಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಮೊದಲು ದನಿ ತೆಗೆದವಳು ಎದುರುಮನೆಯವಳು. "ತುಂಬೇ..." ಎಂದಳು. ಅವಳಿಗೂ ಮೂರು ವರ್ಷದ ಒಂದು ಮಗು ಹೋಗಿತ್ತು. ಅವಳ ಹಿಂದೆ ಕೂತಿದ್ದವಳಿಗೆ ಹೆತ್ತ ಹತ್ತನೇ ದಿನ ಹೋಗಿತ್ತು. ಅಂಗಳದಲ್ಲಿದ್ದ ಕಮ್ಮಾರನಿಗೆ ಎರಡು. ಎಲ್ಲರೂ ತುಂಬೆಯ ಹೆಸರು ಹಿಡಿದು ಅಳತೊಡಗಿದರು. ಸಾಲುಸಾಲಾಗಿ ಕೂತು ಹದವಾಗಿ ಅಳುತ್ತಿದ್ದ ಊರು ಆವತ್ತು ನೆಲಕ್ಕೆ ಕೈ ಬಡಿದು ಅತ್ತಿತು.

ಸುಣ್ಣದವಳು ಸ್ವಲ್ಪ ಹೊತ್ತು ಅದನ್ನು ಬೇರೆ ಯಾರ ಮನೆಯದೋ ಎಂಬಂತೆ ನೋಡುತ್ತಾ ಕೂತಿದ್ದಳು. ಆಮೇಲೆ ಮೆಲ್ಲಗೆ, ಊಟಕ್ಕೆ ಕರೆಯುವಂತೆ, "ತುಂಬೆ," ಎಂದಳು. ಇನ್ನೊಂದು ಸಲ ಕರೆದಳು. ಮೂರನೆಯ ಸಲಕ್ಕೆ ದನಿ ಒಡೆದು ಅವಳು ನೆಲಕ್ಕೆ ಒರಗಿದಳು. ಇಪ್ಪತ್ತೆರಡು ವರ್ಷದ ಅಳು ಬಂತು, ನಿಲ್ಲಿಸುವುದು ಅವಳ ಕೈಯಲ್ಲಿರಲಿಲ್ಲ. ಅಳುತ್ತಾ ಅಳುತ್ತಾ ಒಂದು ಸಲ ಗಂಡನ ಹೆಸರು ನಾಲಿಗೆಯ ತುದಿಗೆ ಬಂದುಬಿಟ್ಟಿತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅದನ್ನು ನುಂಗಿದಳು, ಮತ್ತೆ ಮಗಳ ಹೆಸರನ್ನೇ ಕೂಗಿದಳು.